ಮೊದಲ ಬರಹ ಹಾಕುವ ಮುನ್ನ: ಎಂಜಿನ್‌ಎಕ್ಸ್ ಸರ್ವರಿನಲ್ಲಿ ಕನ್ನಡದ ವರ್ಡ್‌ಪ್ರೆಸ್ ತಾಣ

ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಇನ್‌ಸ್ಟಾಲ್ ಮಾಡುವುದು ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುವುದು ತಾಣ ಒಂದಷ್ಟು ಬೆಳೆದ ಮೇಲೆ. ನೂರಾರು ಬರಹ ಸೇರಿರುತ್ತವೆ, ಕೊಂಡಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಆಗ ನೋಡಿದರೆ ಬರಹಗಳ ವಿಳಾಸ ಅರ್ಧಕ್ಕೇ ತುಂಡಾಗಿದೆ, ಡೇಟಾಬೇಸಿನ ಅಕ್ಷರ ಸಂಕೇತ ಸರಿಯಿಲ್ಲ, ಬ್ಯಾಕಪ್ ಇದೆ ಆದರೆ ಅದನ್ನು ಯಾರೂ ಮರಳಿ ಹಾಕಿ ನೋಡಿಲ್ಲ. ಈ ಮೂರೂ ಮೊದಲ ದಿನವೇ ಸರಿಮಾಡಬಹುದಾದವು. ಆಮೇಲೆ ಸರಿಮಾಡಲು ಹೋದರೆ ವಾರಗಟ್ಟಲೆ ಹಿಡಿಯುತ್ತದೆ.

ಲಿನಕ್ಸ್ ಟರ್ಮಿನಲ್ ಬಳಸಿ ಗೊತ್ತಿರುವ, ಸ್ವಂತ ಸರ್ವರಿನಲ್ಲಿ ಕನ್ನಡ ತಾಣ ನಡೆಸಬೇಕೆಂದಿರುವ ಡೆವಲಪರ್‌ಗಳಿಗೆ ಇದನ್ನು ಬರೆಯುತ್ತಿದ್ದೇನೆ. ಕಮಾಂಡುಗಳು ಅಧಿಕೃತ ಕೈಪಿಡಿಗಳಲ್ಲಿ ಹೇಗೂ ಸಿಗುತ್ತವೆ. ಯಾವ ಹಂತದಲ್ಲಿ ಏನು ನಡೆಯುತ್ತದೆ, ಯಾವ ಸೆಟ್ಟಿಂಗ್ ಯಾಕೆ ಬೇಕು ಅನ್ನುವುದಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವುದು, ಯಾಕೆ

ವೆಬ್ ಸರ್ವರ್ ಅಂದರೆ ದಶಕಗಳ ಕಾಲ ಅಪಾಚೆ ಎಂದೇ ಅರ್ಥವಿತ್ತು. 1995ರಲ್ಲಿ ಹುಟ್ಟಿದ್ದು, ಇಂದಿಗೂ ಗಟ್ಟಿಯಾಗಿದೆ. ಎಂಜಿನ್‌ಎಕ್ಸ್ ಬಂದದ್ದು 2004ರಲ್ಲಿ. ಒಂದೇ ಸರ್ವರಿನಲ್ಲಿ ಹತ್ತು ಸಾವಿರ ಸಂಪರ್ಕಗಳನ್ನು ಒಟ್ಟಿಗೆ ಹೇಗೆ ನಿಭಾಯಿಸುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಇಗೊರ್ ಸಿಸೊಯೆವ್ ಇದನ್ನು ಬರೆದರು. ಪ್ರತಿ ಸಂಪರ್ಕಕ್ಕೂ ಒಂದೊಂದು ಪ್ರೊಸೆಸ್ ಮೀಸಲಿಡದೆ, ಕೆಲವೇ ವರ್ಕರ್‌ಗಳು ಸಾವಿರಾರು ಸಂಪರ್ಕಗಳನ್ನು ನೋಡಿಕೊಳ್ಳುತ್ತವೆ. ಹಾಗಾಗಿ ಕಡಿಮೆ ಮೆಮೊರಿಯ, ಅಗ್ಗದ ಸರ್ವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ವರ್ಡ್‌ಪ್ರೆಸ್ 2003ರದ್ದು. ಬಿ2 ಎಂಬ ಹಳೆಯ ಬ್ಲಾಗ್ ತಂತ್ರಾಂಶದ ಕೋಡನ್ನು ಎತ್ತಿಕೊಂಡು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಮುಂದುವರಿಸಿದರು. ಬಿ2 ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಇಂಥದೇ ಇನ್ನೊಂದು ತಂತ್ರಾಂಶ ಡ್ರೂಪಲ್ ಕೂಡ ಒಳ್ಳೆಯ ಆಯ್ಕೆಯೇ. ಒಂದೇ ಮಾಹಿತಿ ನಾಲ್ಕು ಭಾಷೆಗಳಲ್ಲಿ ಇರಬೇಕು, ಹತ್ತು ಬಗೆಯ ಮಾಹಿತಿ ಒಂದಕ್ಕೊಂದು ಹೆಣೆದುಕೊಂಡಿರಬೇಕು ಅಂದರೆ ನಾನು ಡ್ರೂಪಲ್ ಕಡೆಗೇ ಕೈ ತೋರಿಸುತ್ತೇನೆ. ಪತ್ರಿಕೆ, ಸಂಘ ಸಂಸ್ಥೆ, ಶಾಲೆ, ಸಾಹಿತ್ಯದ ತಾಣಕ್ಕೆ ವರ್ಡ್‌ಪ್ರೆಸ್ ಸಾಕು. ಬರೆಯುವವರಿಗೆ ಒಮ್ಮೆ ತೋರಿಸಿಕೊಟ್ಟರೆ ಅವರೇ ನಡೆಸಿಕೊಂಡು ಹೋಗುತ್ತಾರೆ. ಅದು ಸಣ್ಣ ಮಾತಲ್ಲ.

ಹಂತ 1: ವಿಳಾಸದ ತೀರ್ಮಾನ

ಸರ್ವರ್ ತೆಗೆದುಕೊಳ್ಳುವ ಮೊದಲೇ ಕೂತು ಇದನ್ನು ನಿರ್ಧರಿಸಿ. ಕನ್ನಡ ತಾಣಗಳಲ್ಲಿ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ.

ವರ್ಡ್‌ಪ್ರೆಸ್‌ನಲ್ಲಿ ಪೋಸ್ಟ್‌ನೇಮ್ ಬಗೆಯ ಪರ್ಮಾಲಿಂಕ್ (ಬರಹದ ಶಾಶ್ವತ ವಿಳಾಸ) ಆರಿಸಿಕೊಂಡರೆ ಬರಹದ ಶೀರ್ಷಿಕೆಯಿಂದಲೇ ವಿಳಾಸದ ಕೊನೆಯ ಭಾಗ, ಅಂದರೆ ಸ್ಲಗ್, ತಯಾರಾಗುತ್ತದೆ. ಡೇಟಾಬೇಸಿನಲ್ಲಿ ಅದಕ್ಕೆ ಇರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದ ಪ್ರತಿ ಯುನಿಕೋಡ್ ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದಲ್ಲಿ ಬರೆಯುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಗಳಾಗುತ್ತದೆ. ಅಲ್ಲಿಗೆ ಕನ್ನಡದ ಒಂದು ಅಕ್ಷರಕ್ಕೆ 9 ಜಾಗ ಖರ್ಚು. 200ರಲ್ಲಿ 22 ಅಕ್ಷರ ಹಿಡಿಯುತ್ತವೆ, ಅಷ್ಟೆ. ಅದರಲ್ಲೂ ಗುಣಿತದ ಚಿಹ್ನೆ, ವಿರಾಮ (ಒತ್ತಕ್ಷರ ಜೋಡಿಸುವ ಅರ್ಧಾಕ್ಷರದ ಚಿಹ್ನೆ) ಎಲ್ಲವೂ ಬೇರೆ ಬೇರೆ ಎಣಿಕೆ. ‘ಕನ್ನಡ’ ಅನ್ನುವುದಕ್ಕೇ ಐದು.

‘ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆ ರೋಗ ನಿಯಂತ್ರಣ’ ಎಂದು ಶೀರ್ಷಿಕೆ ಕೊಟ್ಟಿರೆಂದುಕೊಳ್ಳಿ. ‘ಮಲೆನಾಡಿನ’ ಎಂಟು ಅಕ್ಷರ, 72 ಜಾಗ. ‘ಅಡಿಕೆ’ ಐದು, 45. ‘ತೋಟಗಳಲ್ಲಿ’ ಒಂಬತ್ತು, 81. ನಡುವಿನ ಎರಡು ಅಡ್ಡಗೆರೆ ಸೇರಿಸಿದರೆ ಸರಿಯಾಗಿ 200. ಕೊಳೆ ರೋಗ ವಿಳಾಸಕ್ಕೆ ಬರುವುದೇ ಇಲ್ಲ. ಮುಂದಿನ ವಾರ ಅದೇ ಮೂರು ಪದಗಳಿಂದ ಶುರುವಾಗುವ ಇನ್ನೊಂದು ಬರಹ, ನೀರಾವರಿಯ ಬಗ್ಗೆ, ಹಾಕಿದಿರಿ. ವರ್ಡ್‌ಪ್ರೆಸ್‌ಗೆ ಅದೇ ಸ್ಲಗ್ ಮತ್ತೆ ಬಂದಂತೆ ಕಾಣುತ್ತದೆ. ಕೊನೆಗೆ ಅಡ್ಡಗೆರೆ ಮತ್ತು 2 ಸೇರಿಸಬೇಕು, ಜಾಗವಿಲ್ಲ, ಒಂದು ಅಕ್ಷರ ಕತ್ತರಿಸುತ್ತದೆ. ಹೋಗುವುದು ಕೊನೆಯ ಇಕಾರ. ವಿಳಾಸದಲ್ಲಿ ‘ತೋಟಗಳಲ್ಲ’ ಎಂದು ಉಳಿಯುತ್ತದೆ.

ಇದಕ್ಕೆ ಪರಿಹಾರ ಮೂರು. ಒಂದು, ಪ್ರತಿ ಬರಹಕ್ಕೂ ಎರಡು ಪದದ ಪುಟ್ಟ ಕನ್ನಡ ಸ್ಲಗ್ಗನ್ನು ಕೈಯಾರೆ ಬರೆಯುವುದು. ಎರಡು, ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಬರೆಯುವುದು. ಮೂರು, ಪರ್ಮಾಲಿಂಕ್ ಸೆಟ್ಟಿಂಗಿನಲ್ಲಿ ಹೆಸರಿನ ಬದಲು ಬರಹದ ಸಂಖ್ಯೆಯನ್ನೇ ಇಡುವುದು. ಕನ್ನಡದ ವಿಳಾಸ ಬ್ರೌಸರಿನಲ್ಲಿ ನೋಡಲು ಚೆಂದ, ನಿಜ. ಆದರೆ ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಬಹಳ ಸಲ ಉದ್ದನೆಯ ಶೇಕಡಾ ಚಿಹ್ನೆಗಳ ಸಾಲಾಗುತ್ತದೆ, ಓದುಗರು ಅದನ್ನು ನೋಡಿ ಯಾವುದೋ ವೈರಸ್ ಕೊಂಡಿ ಎಂದು ಹೆದರುತ್ತಾರೆ. ದಿನಕ್ಕೆ ಹತ್ತಾರು ಬರಹ ಹಾಕುವ ಸುದ್ದಿ ತಾಣವಾದರೆ ಸಂಖ್ಯೆ, ಉಳಿದವರಿಗೆ ಇಂಗ್ಲಿಷ್ ಲಿಪಿಯ ಪುಟ್ಟ ಸ್ಲಗ್. ಇದು ನನ್ನ ಶಿಫಾರಸು. ಯಾವುದನ್ನು ಆರಿಸಿದರೂ ಮೊದಲ ಬರಹಕ್ಕೇ ಆರಿಸಿ. ಒಂದು ಬರಹದ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯ ಕೊಂಡಿಯನ್ನು ಹೊಸದಕ್ಕೆ ತಿರುಗಿಸುತ್ತದೆ. ಇಡೀ ರಚನೆಯನ್ನೇ ಬದಲಿಸಿದಾಗ ಆ ಭರವಸೆ ಇಟ್ಟುಕೊಳ್ಳಬೇಡಿ.

ಡೊಮೇನ್ ಹೆಸರನ್ನೇ ಕನ್ನಡದಲ್ಲಿ, ಡಾಟ್ ಭಾರತ ಎಂದು ತೆಗೆದುಕೊಂಡಿದ್ದರೆ ಎಂಜಿನ್‌ಎಕ್ಸ್ ಸೆಟ್ಟಿಂಗಿನಲ್ಲೂ ಸರ್ಟಿಫಿಕೇಟ್ ಕೇಳುವಾಗಲೂ ಅದರ ಪ್ಯುನಿಕೋಡ್ ರೂಪವನ್ನೇ, ಅಂದರೆ ಇಂಗ್ಲಿಷ್ ಅಕ್ಷರಗಳಲ್ಲಿ ಸಂಕೇತವಾಗಿ ಬರೆದ ರೂಪವನ್ನೇ, ಬರೆಯಬೇಕು.

ಹಂತ 2: ಸರ್ವರ್

ಉಬುಂಟು 24.04 ಎಲ್‌ಟಿಎಸ್ ತೆಗೆದುಕೊಳ್ಳಿ. ಇದರ ಸಾಮಾನ್ಯ ಬೆಂಬಲ ಐದು ವರ್ಷ, ಅಂದರೆ 2029ರವರೆಗೆ. ಪಿಎಚ್‌ಪಿ 8.3 (ವರ್ಡ್‌ಪ್ರೆಸ್ ಬರೆದಿರುವ ಭಾಷೆ), ಮರಿಯಾಡಿಬಿ 10.11 (ಮೈಎಸ್‌ಕ್ಯೂಎಲ್ ಬಳಗದ ಡೇಟಾಬೇಸ್), ಎಂಜಿನ್‌ಎಕ್ಸ್ 1.24 ಅದರ ಭಂಡಾರದಲ್ಲೇ ಇವೆ. ಹೊರಗಿನ ಭಂಡಾರ ಸೇರಿಸುವ ಅಗತ್ಯವಿಲ್ಲ. 1 ಜಿಬಿ ಮೆಮೊರಿಯಲ್ಲಿ ನಡೆಸಬಹುದು, 2 ಜಿಬಿ ಇದ್ದರೆ ನೆಮ್ಮದಿ. ಓದುಗರು ಹೆಚ್ಚಾಗಿ ಕರ್ನಾಟಕದವರಾದರೆ ಬೆಂಗಳೂರು ಅಥವಾ ಮುಂಬೈ ಡೇಟಾ ಸೆಂಟರ್ ಆರಿಸಿ.

ಲಾಗಿನ್ ಆದ ಕೂಡಲೇ ಸುಡೊ ಹಕ್ಕಿರುವ ಬೇರೆ ಬಳಕೆದಾರನನ್ನು ಮಾಡಿಕೊಳ್ಳಿ. ಎಸ್‌ಎಸ್‌ಎಚ್ ಕೀ ಹಾಕಿ, ಆ ಕೀಯಿಂದ ಇನ್ನೊಂದು ಟರ್ಮಿನಲ್ಲಿನಲ್ಲಿ ಒಳಗೆ ಬರಲು ಆಗುತ್ತದೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಫೈರ್‌ವಾಲ್ ಶುರುಮಾಡುವ ಮುನ್ನ ಎಸ್‌ಎಸ್‌ಎಚ್‌ಗೆ ಅನುಮತಿ ಕೊಡಿ, ಆಮೇಲೆ 80 ಮತ್ತು 443. ಈ ಕ್ರಮ ಹಿಂದುಮುಂದಾದರೆ ನಿಮ್ಮದೇ ಸರ್ವರಿನ ಬಾಗಿಲಾಚೆ ನಿಲ್ಲುತ್ತೀರಿ.

ಹಂತ 3: ಪಿಎಚ್‌ಪಿ ಮತ್ತು ಡೇಟಾಬೇಸ್

ಪಿಎಚ್‌ಪಿ ಎಂಬ ಬರೀ ಹೆಸರಿನ ಪ್ಯಾಕೇಜನ್ನು ಕೇಳಿದರೆ ಉಬುಂಟು ಜೊತೆಗೆ ಅಪಾಚೆಯನ್ನೂ ಎಳೆದು ತರುತ್ತದೆ. ಅದು ಪೋರ್ಟ್ 80 ಹಿಡಿದು ಕೂತರೆ ಎಂಜಿನ್‌ಎಕ್ಸ್ ಏಳುವುದಿಲ್ಲ. ಪಿಎಚ್‌ಪಿಯನ್ನು ಪ್ರತ್ಯೇಕ ಸೇವೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಎಂದೇ ಕೇಳಿ. ಜೊತೆಗೆ ಮೈಎಸ್‌ಕ್ಯೂಎಲ್, ಎಂಬಿಸ್ಟ್ರಿಂಗ್, ಇಂಟ್ಲ್, ಎಕ್ಸ್‌ಎಂಎಲ್, ಕರ್ಲ್, ಜಿಡಿ, ಜಿಪ್ ವಿಸ್ತರಣೆಗಳು. ಎಂಬಿಸ್ಟ್ರಿಂಗ್ ಬಿಡಲೇಬೇಡಿ. ಅದಿಲ್ಲದ ಕೋಡು ಕನ್ನಡ ಪಠ್ಯವನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸಿ ಅಕ್ಷರದ ಮಧ್ಯಕ್ಕೇ ಕೊಯ್ಯಬಹುದು. ನೀವೇ ಥೀಮ್ ಬರೆಯುವಾಗಲೂ ಪಠ್ಯದ ಉದ್ದ ಅಳೆಯಲು, ತುಂಡು ಮಾಡಲು ಎಂಬಿ ಎಂದು ಶುರುವಾಗುವ ಫಂಕ್ಷನ್‌ಗಳನ್ನೇ ಬಳಸಿ. ಬರಹದ ಸಾರಾಂಶ ತೋರಿಸುವಾಗಂತೂ ಅಕ್ಷರ ಎಣಿಸದೆ ಪದ ಎಣಿಸಿ. ಒತ್ತಕ್ಷರದ ನಡುವೆ ತುಂಡಾಗುವ ಭಯ ಇರುವುದಿಲ್ಲ.

ಡೇಟಾಬೇಸ್ ಮಾಡುವಾಗ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ಬರೆಯಿರಿ. ಮೈಎಸ್‌ಕ್ಯೂಎಲ್ ಬಳಗದಲ್ಲಿ ಹಳೆಯ ‘ಯುಟಿಎಫ್8’ ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ 3 ಸಾಕಲ್ಲ ಎನ್ನಬಹುದು. ಇಮೋಜಿಗೆ 4 ಬೇಕು. ಅದಕ್ಕಿಂತ ಮುಖ್ಯವಾಗಿ ಬ್ರಾಹ್ಮಿ ಲಿಪಿಗೂ, 2024ರಲ್ಲಿ ಯುನಿಕೋಡ್ 16ಕ್ಕೆ ಸೇರಿದ ತುಳು-ತಿಗಳಾರಿಗೂ 4 ಬೈಟ್ ಬೇಕು. ಶಾಸನಗಳ ಬಗ್ಗೆ, ತಾಳೆಗರಿ ಹಸ್ತಪ್ರತಿಗಳ ಬಗ್ಗೆ ಬರೆಯುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಅವರು ಮೂಲ ಲಿಪಿಯಲ್ಲೇ ಒಂದು ಸಾಲು ಕೊಡಬೇಕೆಂದಾಗ ಡೇಟಾಬೇಸ್ ಅಡ್ಡ ಬರಬಾರದು.

ವರ್ಡ್‌ಪ್ರೆಸ್‌ಗೆ ಬೇರೆಯೇ ಡೇಟಾಬೇಸ್ ಬಳಕೆದಾರ, ಆ ಒಂದು ಡೇಟಾಬೇಸಿನ ಮೇಲೆ ಮಾತ್ರ ಹಕ್ಕು, ಉದ್ದನೆಯ ಪಾಸ್‌ವರ್ಡ್. ಇದಿಷ್ಟು ಮಾಡಿ ಮುಂದೆ ಹೋಗಿ.

ಹಂತ 4: ಎಂಜಿನ್‌ಎಕ್ಸ್ ಸೈಟ್ ಫೈಲ್

ಎಂಜಿನ್‌ಎಕ್ಸ್ ತಾನಾಗಿ ಪಿಎಚ್‌ಪಿ ಓಡಿಸುವುದಿಲ್ಲ. ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕೇಳಿದರೆ ಡಿಸ್ಕಿನಿಂದ ತೆಗೆದು ತಾನೇ ಕೊಡುತ್ತದೆ. ಪಿಎಚ್‌ಪಿ ಫೈಲ್ ಕೇಳಿದರೆ ಯುನಿಕ್ಸ್ ಸಾಕೆಟ್ ಮೂಲಕ ಎಫ್‌ಪಿಎಂಗೆ ದಾಟಿಸುತ್ತದೆ. ಈ ದಾರಿ ಮನಸ್ಸಿನಲ್ಲಿದ್ದರೆ ಸೈಟ್ ಫೈಲಿನ ಒಂದೊಂದು ಸಾಲೂ ಅರ್ಥವಾಗುತ್ತದೆ.

ಅತಿ ಮುಖ್ಯವಾದದ್ದು ಟ್ರೈಫೈಲ್ಸ್ ಸಾಲು. ಕೇಳಿದ ಹೆಸರಿನ ಫೈಲ್ ಇದೆಯೇ ನೋಡು, ಇಲ್ಲದಿದ್ದರೆ ಫೋಲ್ಡರ್ ಇದೆಯೇ ನೋಡು, ಅದೂ ಇಲ್ಲದಿದ್ದರೆ ಇಂಡೆಕ್ಸ್ ಪಿಎಚ್‌ಪಿಗೆ ಕಳಿಸು ಎಂದು ಅದು ಹೇಳುತ್ತದೆ. ಮುಖಪುಟ ಬರುತ್ತದೆ, ಬರಹ ಒತ್ತಿದರೆ 404 ಬರುತ್ತದೆ ಎಂದಾದರೆ ಈ ಸಾಲು ಬಿಟ್ಟುಹೋಗಿದೆ ಎಂದೇ ಮೊದಲು ಅನುಮಾನಿಸಿ.

ಅಪಾಚೆಯಿಂದ ಬಂದವರು ಒಂದನ್ನು ನೆನಪಿಡಬೇಕು. ಎಚ್‌ಟಿ‌ಆ್ಯಕ್ಸೆಸ್ ಫೈಲನ್ನು ಎಂಜಿನ್‌ಎಕ್ಸ್ ಓದುವುದೇ ಇಲ್ಲ. ಎಷ್ಟೋ ಪ್ಲಗಿನ್‌ಗಳು ತಮ್ಮ ಬ್ಯಾಕಪ್ ಫೋಲ್ಡರನ್ನು ಕಾಪಾಡಲು ಆ ಫೈಲಿನಲ್ಲಿ ನಿಯಮ ಬರೆದು ಸುಮ್ಮನಾಗುತ್ತವೆ. ನಿಮ್ಮ ಸರ್ವರಿನಲ್ಲಿ ಆ ನಿಯಮ ನಡೆಯುವುದಿಲ್ಲ, ಫೋಲ್ಡರ್ ಹೊರಗಿನವರಿಗೆ ತೆರೆದೇ ಇರುತ್ತದೆ. ಆದ್ದರಿಂದ ಮೂರು ನಿರ್ಬಂಧಗಳನ್ನು ನೀವೇ ಬರೆಯಿರಿ: ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡಬಾರದು, ಚುಕ್ಕಿಯಿಂದ ಶುರುವಾಗುವ ಫೈಲ್‌ಗಳು ಯಾರಿಗೂ ಸಿಗಬಾರದು (ಸರ್ಟಿಫಿಕೇಟ್ ಪರಿಶೀಲನೆಯ ವೆಲ್‌ನೋನ್ ಫೋಲ್ಡರ್ ಬಿಟ್ಟು), ಬಳಸದಿದ್ದರೆ ಎಕ್ಸ್‌ಎಂಎಲ್-ಆರ್‌ಪಿಸಿ (ಹೊರಗಿನ ಆ್ಯಪ್‌ಗಳು ತಾಣದೊಡನೆ ವ್ಯವಹರಿಸುವ ಹಳೆಯ ದಾರಿ) ಮುಚ್ಚಿರಬೇಕು. ಲಾಗಿನ್ ಪುಟಕ್ಕೆ ವಿನಂತಿಗಳ ವೇಗ ಮಿತಿಗೊಳಿಸುವ ಲಿಮಿಟ್‌ರೆಕ್ ಹಾಕಿದರೆ ಪಾಸ್‌ವರ್ಡ್ ಊಹಿಸುವ ಬಾಟ್‌ಗಳ ಕಾಟ ಗಣನೀಯವಾಗಿ ಇಳಿಯುತ್ತದೆ.

ಉಬುಂಟುವಿನ ಎಂಜಿನ್‌ಎಕ್ಸ್‌ನಲ್ಲಿ ಜಿಜಿಪ್ (ಕಳಿಸುವ ಮುನ್ನ ಫೈಲ್ ಕುಗ್ಗಿಸುವ ಸೌಲಭ್ಯ) ಚಾಲೂ ಇರುತ್ತದೆ, ಆದರೆ ಯಾವ ಬಗೆಯ ಫೈಲ್‌ಗಳಿಗೆ ಎಂಬ ಸಾಲು ಕಾಮೆಂಟ್ ಆಗಿರುತ್ತದೆ. ಪರಿಣಾಮ, ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಹಾಗೇ ಹೋಗುತ್ತವೆ. ಆ ಸಾಲಿನ ಕಾಮೆಂಟ್ ತೆಗೆಯಿರಿ. ಕನ್ನಡ ಪಠ್ಯಕ್ಕೆ ಜಿಜಿಪ್‌ನಿಂದ ಆಗುವ ಲಾಭ ದೊಡ್ಡದು. ನಮ್ಮ ಪ್ರತಿ ಅಕ್ಷರದ ಮೊದಲ ಬೈಟ್ ಒಂದೇ, ಎರಡನೆಯದರಲ್ಲಿ ಎರಡೇ ಆಯ್ಕೆ. ಹೀಗೆ ಮರುಕಳಿಸುವುದನ್ನೇ ಅದು ಹಿಂಡಿ ಸಣ್ಣದು ಮಾಡುವುದು.

ಫೈಲ್ ಬರೆದಾದ ಮೇಲೆ ಎಂಜಿನ್‌ಎಕ್ಸ್‌ನ ಪರೀಕ್ಷಾ ಕಮಾಂಡ್ ಓಡಿಸಿ, ಸರಿ ಎಂದರೆ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಡ. ರೀಲೋಡಿನಲ್ಲಿ ಓದುತ್ತಿರುವವರ ಸಂಪರ್ಕ ಕಡಿಯುವುದಿಲ್ಲ.

ಹಂತ 5: ವರ್ಡ್‌ಪ್ರೆಸ್ ಮತ್ತು ಸರ್ಟಿಫಿಕೇಟ್

ಟರ್ಮಿನಲ್ಲಿನಿಂದ ವರ್ಡ್‌ಪ್ರೆಸ್ ನಿರ್ವಹಿಸುವ ಡಬ್ಲ್ಯೂಪಿ-ಸಿಎಲ್‌ಐ ಹಾಕಿಕೊಂಡು ಅದರಿಂದಲೇ ವರ್ಡ್‌ಪ್ರೆಸ್ ಇಳಿಸಿ. ಲೊಕೇಲ್ ಕೇಳಿದಲ್ಲಿ ಕನ್ನಡದ ಸಂಕೇತ ಕೊಟ್ಟರೆ ನಿರ್ವಹಣೆಯ ಪುಟಗಳೂ ಕನ್ನಡದಲ್ಲಿ ಬರುತ್ತವೆ. ಅನುವಾದಗೊಳ್ಳದೆ ಉಳಿದ ಸಾಲುಗಳು ಕಂಡರೆ ನೀವೇ ಅನುವಾದಿಸಿ ಸೇರಿಸಬಹುದು, ಆ ಕೆಲಸ ಎಲ್ಲರಿಗೂ ತೆರೆದಿದೆ. ಸಮಯ ವಲಯ ಕೋಲ್ಕತಾ. ಕಾನ್ಫಿಗ್ ಫೈಲಿನಲ್ಲಿ ಥೀಮ್ ಮತ್ತು ಪ್ಲಗಿನ್ ಕೋಡನ್ನು ಬ್ರೌಸರಿನಿಂದ ತಿದ್ದುವ ಸೌಲಭ್ಯ ನಿಲ್ಲಿಸಿ, ಫೈಲಿನ ಅನುಮತಿ 640ಕ್ಕೆ ಇಳಿಸಿ.

ಎಚ್‌ಟಿಟಿಪಿಎಸ್‌ಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಇದೆ. 2015ರ ಕೊನೆಯಲ್ಲಿ ಇದು ಎಲ್ಲರಿಗೂ ತೆರೆದುಕೊಂಡ ಮೇಲೆ ಸಣ್ಣ ತಾಣಗಳಿಗೆ ಸರ್ಟಿಫಿಕೇಟ್ ಖರ್ಚೇ ಇಲ್ಲವಾಯಿತು. ಅದರಿಂದ ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ತಂತ್ರಾಂಶ ಸೈಟ್ ಫೈಲನ್ನು ತಾನೇ ತಿದ್ದಿ ಕೊಡುತ್ತದೆ. ಸರ್ಟಿಫಿಕೇಟಿನ ಅವಧಿ 90 ದಿನ, ನವೀಕರಣ ತಾನಾಗಿ ನಡೆಯುತ್ತದೆ. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಇಮೇಲ್ ಕಳಿಸುವುದನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನಿನಲ್ಲಿ ನಿಲ್ಲಿಸಿದೆ. ಹಾಗಾಗಿ ನವೀಕರಣದ ಅಣಕು ಪರೀಕ್ಷೆಯನ್ನು ಇವತ್ತೇ ಒಮ್ಮೆ ಓಡಿಸಿ ನೋಡಿ, ಅವಧಿಯ ಮೇಲೆ ಕಣ್ಣಿಡುವ ಏರ್ಪಾಡನ್ನೂ ನೀವೇ ಮಾಡಿಕೊಳ್ಳಿ. ಪೋರ್ಟ್ 80 ಮುಚ್ಚಬೇಡಿ, ಪರಿಶೀಲನೆ ಬರುವುದು ಅದರಿಂದಲೇ.

ಹಂತ 6: ಅಕ್ಷರ ಕಾಣುವ ಬಗೆ

ಫಾಂಟ್ ಆರಿಸುವಾಗ ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ ಎಂಬಂಥ ಪದಗಳನ್ನು ಶೀರ್ಷಿಕೆಯಲ್ಲೂ ಒಡಲಿನಲ್ಲೂ ಹಾಕಿ ನೋಡಿ. ಇಂಗ್ಲಿಷಿಗೆಂದು ಮಾಡಿದ ಥೀಮ್‌ಗಳಲ್ಲಿ ಸಾಲಿನ ಎತ್ತರ ಕಡಿಮೆ ಇರುತ್ತದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಒಡಲಿನ ಪಠ್ಯಕ್ಕೆ 1.7ರ ಆಸುಪಾಸು ಇಡಿ. ಶೀರ್ಷಿಕೆಗೆ ಥೀಮ್ ಲೆಟರ್-ಸ್ಪೇಸಿಂಗ್ ಕೊಟ್ಟಿದ್ದರೆ ಸೊನ್ನೆ ಮಾಡಿ.

ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ ಇವೆಲ್ಲ ಮುಕ್ತ ಪರವಾನಗಿಯ ಫಾಂಟ್‌ಗಳು, ನಿಮ್ಮ ಸರ್ವರಿನಲ್ಲೇ ಇಟ್ಟು ಕೊಡಬಹುದು. ವರ್ಡ್‌ಪ್ರೆಸ್ 6.5ರಿಂದ ಫಾಂಟ್ ಲೈಬ್ರರಿ ಇರುವುದರಿಂದ ಬ್ಲಾಕ್ ಥೀಮ್ ಬಳಸುವವರಿಗೆ ಇದು ಇನ್ನೂ ಸುಲಭ. ಫೈಲ್ ಗಾತ್ರ ಇಳಿಸಲು ಫಾಂಟನ್ನು ಕತ್ತರಿಸುವವರು ಒಂದು ಎಚ್ಚರ ವಹಿಸಬೇಕು: ಓಪನ್‌ಟೈಪ್ ಜೋಡಣೆಯ ಕೋಷ್ಟಕಗಳನ್ನು ತೆಗೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತವೆ.

ಹಳೆಯ ಲೇಖನಗಳನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆ್ಯಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯುನಿಕೋಡಿಗೆ ಪರಿವರ್ತಿಸಿಯೇ ಅಂಟಿಸಿ. ಪರಿವರ್ತಕಗಳು ಬೇಕಾದಷ್ಟಿವೆ. ಆದರೆ ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ. ‘ಸೂರ್ಯ’, ‘ಕಾರ್ಯ’, ‘ಧರ್ಮ’ ಇವುಗಳಲ್ಲಿ ತಪ್ಪು ನುಸುಳುವುದು ಹೆಚ್ಚು.

ಹಂತ 7: ಜನ ಬಂದಾಗ

ಎಫ್‌ಪಿಎಂನಲ್ಲಿ ಏಕಕಾಲಕ್ಕೆ ಎಷ್ಟು ಪಿಎಚ್‌ಪಿ ಪ್ರೊಸೆಸ್ ಇರಬಹುದು ಎಂಬ ಮಿತಿ ಉಬುಂಟುವಿನಲ್ಲಿ 5 ಎಂದಿರುತ್ತದೆ. ಒಂದು ಬರಹ ಹತ್ತು ಗುಂಪುಗಳಿಗೆ ಹಂಚಿಕೆಯಾದರೆ ಈ ಐದೂ ತುಂಬಿ ಉಳಿದವರು ಕಾಯುತ್ತಾರೆ. ನಿಮ್ಮ ತಾಣದಲ್ಲಿ ಒಂದು ಪ್ರೊಸೆಸ್ ಎಷ್ಟು ಮೆಮೊರಿ ತಿನ್ನುತ್ತದೆಂದು ಅಳೆಯಿರಿ. ಅದು 60 ಎಂಬಿ ಇದ್ದು, ಡೇಟಾಬೇಸ್ ಮತ್ತು ವ್ಯವಸ್ಥೆಗೆ ಬಿಟ್ಟು 1,200 ಎಂಬಿ ಉಳಿದರೆ 20ರವರೆಗೆ ಏರಿಸಬಹುದು. ಲೆಕ್ಕ ಹಾಕದೆ 50 ಎಂದು ಬರೆದರೆ ಮೆಮೊರಿ ಮುಗಿದು ಕರ್ನೆಲ್ ಡೇಟಾಬೇಸನ್ನೇ ಕೊಂದುಹಾಕುತ್ತದೆ.

ಇದಕ್ಕಿಂತ ದೊಡ್ಡ ಲಾಭ ಫಾಸ್ಟ್‌ಸಿಜಿಐ ಕ್ಯಾಷ್‌ನಿಂದ. ಲಾಗಿನ್ ಆಗದ ಓದುಗರಿಗೆ ಎಂಜಿನ್‌ಎಕ್ಸ್ ಸಿದ್ಧ ಪುಟವನ್ನೇ ಕೊಡುತ್ತದೆ, ಪಿಎಚ್‌ಪಿಯನ್ನು ಎಬ್ಬಿಸುವುದೇ ಇಲ್ಲ. ವರ್ಡ್‌ಪ್ರೆಸ್ ಲಾಗಿನ್ ಕುಕೀ ಇರುವವರಿಗೆ, ಪೋಸ್ಟ್ ಬಗೆಯ ವಿನಂತಿಗಳಿಗೆ, ನಿರ್ವಹಣೆಯ ಪುಟಗಳಿಗೆ ಕ್ಯಾಷ್ ದಾಟಿಹೋಗುವಂತೆ ನಿಯಮ ಬರೆಯಿರಿ. ಒಂದೇ ನಿಮಿಷದ ಕ್ಯಾಷ್ ಇಟ್ಟರೂ ನೂಕುನುಗ್ಗಲಿನ ಹೊತ್ತಿನಲ್ಲಿ ಸರ್ವರ್ ತಾಳುತ್ತದೋ ಬೀಳುತ್ತದೋ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಎಡವಿದಾಗ ನೋಡಬೇಕಾದ್ದು

502 ಬಂದರೆ ಎಫ್‌ಪಿಎಂ ನಿಂತಿದೆ, ಇಲ್ಲವೇ ಸಾಕೆಟ್ ಹೆಸರು ತಪ್ಪಿದೆ. ಪಿಎಚ್‌ಪಿ ಆವೃತ್ತಿ ಬದಲಾದಾಗ ಸಾಕೆಟ್ ಹೆಸರಿನಲ್ಲಿರುವ ಸಂಖ್ಯೆಯೂ ಬದಲಾಗುತ್ತದೆ. ಚಿತ್ರ ಹಾಕುವಾಗ 413 ಬಂದರೆ ಎಂಜಿನ್‌ಎಕ್ಸ್‌ನ ಮಿತಿ 1 ಎಂಬಿಯಲ್ಲೇ ಇದೆ ಎಂದರ್ಥ. ಅದನ್ನು ಏರಿಸಿದ ಮೇಲೂ ಪಿಎಚ್‌ಪಿ 2 ಎಂಬಿಗೆ ತಡೆಯುತ್ತದೆ, ಆದ್ದರಿಂದ ಅಪ್‌ಲೋಡ್ ಮತ್ತು ಪೋಸ್ಟ್ ಮಿತಿ ಎರಡನ್ನೂ ಜೊತೆಗೇ ಏರಿಸಿ. ಬರೀ ಬಿಳಿ ಪುಟ ಅಥವಾ 500 ಬಂದರೆ ಊಹೆ ಮಾಡುತ್ತಾ ಕೂರಬೇಡಿ, ಎಂಜಿನ್‌ಎಕ್ಸ್‌ನ ಎರರ್ ಲಾಗಿನ ಕೊನೆಯ ಸಾಲು ಓದಿ. ಬಹುಪಾಲು ಯಾವ ಪ್ಲಗಿನ್ನಿನ ಯಾವ ಸಾಲು ಎಂದೇ ಬರೆದಿರುತ್ತದೆ. ಪಾಸ್‌ವರ್ಡ್ ಮರುಹೊಂದಿಕೆಯ ಇಮೇಲ್ ಹೋಗುತ್ತಿಲ್ಲವಾದರೆ ನಿಮ್ಮ ಕ್ಲೌಡ್ ಪೋರ್ಟ್ 25 ಮುಚ್ಚಿರಬಹುದು, ಎಸ್‌ಎಂಟಿಪಿ ಸೇವೆಯೊಂದನ್ನು ಜೋಡಿಸಿ.

ಹಂತ 8: ಬ್ಯಾಕಪ್, ಅಪ್‌ಡೇಟ್

ಎರಡು ವಸ್ತು ಉಳಿಸಬೇಕು: ಡೇಟಾಬೇಸ್ ಮತ್ತು ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್. ಕಾನ್ಫಿಗ್ ಫೈಲ್ ಮತ್ತು ಎಂಜಿನ್‌ಎಕ್ಸ್ ಸೈಟ್ ಫೈಲ್ ಜೊತೆಗಿದ್ದರೆ ಒಳ್ಳೆಯದು. ಡೇಟಾಬೇಸ್ ಡಂಪ್ ತೆಗೆಯುವಾಗ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಮತ್ತು ಯುಟಿಎಫ್8ಎಂಬಿ4 ಎರಡನ್ನೂ ಸ್ಪಷ್ಟವಾಗಿ ಕೊಡಿ. ಡಂಪಿನ ಸಂಕೇತ ಒಂದು, ಮರಳಿ ಹಾಕುವಾಗಿನ ಸಂಕೇತ ಇನ್ನೊಂದು ಆಗಿಯೇ ಎಷ್ಟೋ ಕನ್ನಡ ತಾಣಗಳ ಹಳೆಯ ಬರಹಗಳು ಗುರುತು ಸಿಗದ ಚಿಹ್ನೆಗಳ ರಾಶಿಯಾಗಿವೆ. ರಾತ್ರಿ ಕ್ರಾನ್‌ನಲ್ಲಿ ಓಡಿಸಿ, ಪ್ರತಿಯನ್ನು ಬೇರೆ ಕಂಪನಿಯ ಬೇರೆ ಖಾತೆಗೆ ಕಳಿಸಿ. ಅದೇ ಸರ್ವರಿನಲ್ಲಿ ಇಟ್ಟದ್ದನ್ನು ಬ್ಯಾಕಪ್ ಎಂದು ಕರೆಯಲಾಗದು.

ಮೂರು ತಿಂಗಳಿಗೊಮ್ಮೆ ಒಂದು ತಾತ್ಕಾಲಿಕ ಸರ್ವರ್ ತೆಗೆದುಕೊಂಡು ಆ ಪ್ರತಿಯಿಂದ ತಾಣವನ್ನು ಎಬ್ಬಿಸಿ. ಒಂದು ಹಳೆಯ ಬರಹ ತೆರೆದು ಒತ್ತಕ್ಷರ, ಇಮೋಜಿ, ಚಿತ್ರ ಮೂರೂ ಸರಿ ಇವೆಯೇ ನೋಡಿ. ಹೊಸ ಪ್ಲಗಿನ್‌ಗಳ ದೊಡ್ಡ ಅಪ್‌ಡೇಟನ್ನೂ ಇದೇ ಸರ್ವರಿನಲ್ಲಿ ಪರೀಕ್ಷಿಸಿ, ಕೆಲಸ ಮುಗಿದ ಮೇಲೆ ಅಳಿಸಿ. ಗಂಟೆ ಲೆಕ್ಕದ ಬಾಡಿಗೆಯಾದ್ದರಿಂದ ಖರ್ಚು ಕೆಲವೇ ರೂಪಾಯಿ.

ವರ್ಡ್‌ಪ್ರೆಸ್‌ನ ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರ 3.7ನೇ ಆವೃತ್ತಿಯಿಂದ ತಾವಾಗಿಯೇ ಇಳಿಯುತ್ತವೆ. ಅದನ್ನು ನಿಲ್ಲಿಸಬೇಡಿ. 2017ರಲ್ಲಿ ರೆಸ್ಟ್ ಎಪಿಐ ದೋಷವೊಂದನ್ನು 4.7.2ರಲ್ಲಿ ಸರಿಪಡಿಸಿ, ಕೆಲವು ದಿನಗಳ ಬಳಿಕ ವಿವರ ಬಹಿರಂಗಪಡಿಸಿದರು. ಆ ಹೊತ್ತಿಗೆ ತಾನಾಗಿ ಅಪ್‌ಡೇಟ್ ಆಗಿದ್ದ ತಾಣಗಳಿಗೆ ಏನೂ ಆಗಲಿಲ್ಲ, ಅಪ್‌ಡೇಟ್ ನಿಲ್ಲಿಸಿಕೊಂಡಿದ್ದ ತಾಣಗಳ ಬರಹಗಳನ್ನು ಹೊರಗಿನವರು ದೊಡ್ಡ ಪ್ರಮಾಣದಲ್ಲಿ ತಿದ್ದಿ ಹಾಳುಮಾಡಿದರು. ಉಬುಂಟುವಿನಲ್ಲೂ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಚಾಲೂ ಇರಲಿ. ಬಳಸದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿ ಬಿಡಬೇಡಿ, ಅಳಿಸಿಯೇ ಬಿಡಿ. ನಿಷ್ಕ್ರಿಯವಾದರೂ ಅವುಗಳ ಫೈಲ್‌ಗಳು ಸರ್ವರಿನಲ್ಲೇ ಇರುತ್ತವೆ, ನೇರವಾಗಿ ಕರೆದರೆ ಓಡುತ್ತವೆ.